ಕಟ್ಟಮಂಚಿ ರಾಮಲಿಂಗಾರೆಡ್ಡಿ: ಪ್ರಭುತ್ವ, ಸಮಾಜ ಮತ್ತು ವಿಶ್ವವಿದ್ಯಾನಿಲಯದ ಸ್ವಾಯತ್ತತೆ

1. ಪ್ರವೇಶ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಉತ್ತರ ಪಿನಾಕಿನಿಯ ದಡದಲ್ಲಿರುವ ಹೋಬಳಿ ಕೇಂದ್ರ. ಕುಕ್ಕೆಯನ್ನು ಆದಿ, ಘಾಟಿಯನ್ನು ಮಧ್ಯ ಎಂದು ಕರೆಯುವ ಜನ ಇಲ್ಲಿನ ಕ್ಷೇತ್ರವನ್ನು ಅಂತ್ಯ ಸುಬ್ರಹ್ಮಣ್ಯ ಎಂದು ಗುರುತಿಸುತ್ತಾರೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ನದಿ ಗೌರಿಬಿದನೂರನ್ನು ದಾಟಿ, ಹಿಂದೂಪುರದ ಕಡೆಗೆ ಹರಿದು, ನಾಗಲಮಡಿಕೆಯ ಬಳಿ ಮತ್ತೆ ಕನ್ನಡ ನಾಡನ್ನು ಮುಟ್ಟಿ, ಪುನಃ ಆಂಧ್ರದ ನೆಲಕ್ಕೆ ಹೋಗುತ್ತದೆ. ಪಾವಗಡ ತಾಲ್ಲೂಕಿನ ಬಹುಭಾಗವನ್ನು ಆಂಧ್ರದ ಗಡಿ ಸುತ್ತುವರಿದಿದೆ. ಇಲ್ಲಿನ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬುದು ಸಾಮಾನ್ಯ ಸಂಗತಿ.

1916ರಲ್ಲಿ ಈ ಗಡಿ ಕೇವಲ ಭಾಷೆಯ ಗಡಿಯಾಗಿರಲಿಲ್ಲ. ಈಚೆಗೆ ಮೈಸೂರು ಮಹಾರಾಜರ ಸಂಸ್ಥಾನ, ಆಚೆಗೆ ಬ್ರಿಟಿಷರ ಮದರಾಸು ಪ್ರಾಂತ್ಯಕ್ಕೆ ಸೇರಿದ ದತ್ತ ಮಂಡಲದ ಅನಂತಪುರ ಜಿಲ್ಲೆ. ಆ ವರ್ಷವೇ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು; ಆ ವರ್ಷವೇ ಅನಂತಪುರದಲ್ಲಿ ದತ್ತ ಮಂಡಲದ ಕಾಲೇಜು ಆರಂಭವಾಯಿತು. ಗಡಿಯ ಎರಡು ಬದಿಯ ಹುಡುಗರು ಎರಡು ಬೇರೆ ಬೇರೆ ಪ್ರಭುತ್ವಗಳು ಕಟ್ಟಿದ ವಿದ್ಯಾವ್ಯವಸ್ಥೆಯ ಕಡೆಗೆ ಮುಖ ಮಾಡಬೇಕಾಯಿತು. ಈ ಎರಡೂ ಬದಿಯಲ್ಲಿ ದುಡಿದು, ಎರಡೂ ಕಡೆಯ ವಿಶ್ವವಿದ್ಯಾನಿಲಯಗಳ ಹುಟ್ಟಿನಲ್ಲಿ ಭಾಗಿಯಾದ ವ್ಯಕ್ತಿ ಕಟ್ಟಮಂಚಿ ರಾಮಲಿಂಗಾರೆಡ್ಡಿ. ತೆಲುಗು ಸಾಹಿತ್ಯ ಚರಿತ್ರೆ ಅವರನ್ನು ಕವಿ ಹಾಗೂ ವಿಮರ್ಶಕರೆಂದು ನೆನೆಯುತ್ತದೆ. ಆಂಧ್ರ ವಿಶ್ವವಿದ್ಯಾನಿಲಯ ಅವರನ್ನು ತನ್ನ ಸ್ಥಾಪಕ ಕುಲಪತಿಯೆಂದು ಗೌರವಿಸುತ್ತದೆ. ಅವರ ಸಾರ್ವಜನಿಕ ಬದುಕಿನ ಮೊದಲ ಘಟ್ಟ ಮೈಸೂರಿನಲ್ಲಿ ಕಳೆಯಿತು ಎಂಬುದಕ್ಕೆ ಕನ್ನಡದ ವಿದ್ವತ್ ಚರ್ಚೆಗಳಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ವಿಶ್ವವಿದ್ಯಾನಿಲಯದ ಸ್ವಾಯತ್ತತೆಯನ್ನು ಕುರಿತ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಸರ್ಕಾರದ ಹಸ್ತಕ್ಷೇಪ ಎಂಬ ಒಂದೇ ನೆಲೆಯಲ್ಲಿ ನಡೆಯುತ್ತವೆ. ರೆಡ್ಡಿಯವರ ಬದುಕು ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆಯೆಂದು ತೋರಿಸುತ್ತದೆ. ವಿದ್ಯೆಯ ಮನೆಯನ್ನು ಪ್ರಭುತ್ವ ಹಿಡಿದಿಡಬಲ್ಲದು. ಸಮಾಜದ ಬಲಾಢ್ಯ ವರ್ಗಗಳೂ ಹಿಡಿದಿಡಬಲ್ಲವು. ಮೈಸೂರಿನಲ್ಲಿ ಅವರು ಸರ್ಕಾರದ ಅಧಿಕಾರವನ್ನು ಬಳಸಿ ಸಮಾಜ ಮುಚ್ಚಿದ್ದ ಬಾಗಿಲನ್ನು ತೆರೆಯಲು ಯತ್ನಿಸಿದರು. ಆಂಧ್ರದಲ್ಲಿ ಅದೇ ಸರ್ಕಾರದ ಅಧಿಕಾರ ಜನರ ಮೇಲೆ ತಿರುಗಿದಾಗ ಪದವಿಯನ್ನು ತೊರೆದರು. ಈ ಎರಡು ನಡೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2. ಹುಟ್ಟು, ಶಿಕ್ಷಣ ಮತ್ತು ಮೊದಲ ಕೃತಿ

ರಾಮಲಿಂಗಾರೆಡ್ಡಿಯವರು ಹುಟ್ಟಿದ್ದು 1880ರ ಡಿಸೆಂಬರ್ 10ರಂದು, ಚಿತ್ತೂರಿಗೆ ಸೇರಿದಂತಿರುವ ಕಟ್ಟಮಂಚಿ ಗ್ರಾಮದಲ್ಲಿ. ಅವರದು ಒಕ್ಕಲು ಮನೆತನ. ಚಿತ್ತೂರಿನಲ್ಲಿ ಶಾಲಾ ಶಿಕ್ಷಣ ಮುಗಿಸಿ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಆ ವರ್ಷಗಳಲ್ಲಿ ದಕ್ಷಿಣ ಭಾರತದ ಕಾಲೇಜುಗಳಲ್ಲಿ ಒಕ್ಕಲು ಸಮುದಾಯಗಳ ವಿದ್ಯಾರ್ಥಿಗಳು ವಿರಳ. ಉನ್ನತ ಶಿಕ್ಷಣವೂ ಅದರ ಮೂಲಕ ದೊರೆಯುವ ಸರ್ಕಾರಿ ಹುದ್ದೆಯೂ ಬಹುತೇಕ ಬ್ರಾಹ್ಮಣ ಸಮುದಾಯದ ಕೈಯಲ್ಲಿದ್ದವು. ಈ ಅನುಭವ ಮುಂದೆ ಅವರು ಮೈಸೂರಿನಲ್ಲಿ ತಳೆದ ನಿಲುವುಗಳ ಹಿನ್ನೆಲೆಯಲ್ಲಿ ಇತ್ತೆಂದು ಭಾವಿಸಲು ಅವಕಾಶವಿದೆ.

ವಿದ್ಯಾರ್ಥಿಯಾಗಿದ್ದಾಗಲೇ ಅವರು ಬರೆದ ‘ಮುಸಲಮ್ಮ ಮರಣಮು’ ಎಂಬ ಕಾವ್ಯ ಆಧುನಿಕ ತೆಲುಗು ಕಾವ್ಯದ ಆರಂಭಿಕ ಕೃತಿಗಳಲ್ಲಿ ಒಂದು. ಅದರ ವಸ್ತು ಅನಂತಪುರದ ಬಳಿಯ ಬುಕ್ಕರಾಯಸಮುದ್ರದ ಕೆರೆಗೆ ಸಂಬಂಧಿಸಿದ ಸ್ಥಳೀಯ ಐತಿಹ್ಯ. ಕೆರೆಯ ಏರಿ ಒಡೆಯುವ ಸಂದರ್ಭದಲ್ಲಿ ಊರನ್ನು ಉಳಿಸಲು ಆ ಊರಿನ ಸೊಸೆ ಮುಸಲಮ್ಮ ತನ್ನನ್ನೇ ಅರ್ಪಿಸಿಕೊಳ್ಳುತ್ತಾಳೆ. ಕನ್ನಡ ಓದುಗರಿಗೆ ಇಲ್ಲಿ ‘ಕೆರೆಗೆ ಹಾರ’ದ ಭಾಗೀರಥಿ ನೆನಪಾಗುವುದು ಸಹಜ. ಪಾವಗಡ, ಮಡಕಶಿರಾ, ಅನಂತಪುರಗಳಂತಹ ಮಳೆ ಕಡಿಮೆಯ ಸೀಮೆಯಲ್ಲಿ ಕೆರೆ ಎಂದರೆ ಊರಿನ ಜೀವ. ಆ ಜೀವಕ್ಕೆ ಹೆಣ್ಣಿನ ಬಲಿ ಕೇಳುವ ಕಥೆಗಳು ಭಾಷೆಯ ಗಡಿಯನ್ನು ದಾಟಿ ಹಬ್ಬಿರುವುದು ಆಶ್ಚರ್ಯವಲ್ಲ. ಪುರಾಣದ ನಾಯಕಿಯರನ್ನು ಬಿಟ್ಟು ಒಕ್ಕಲು ಮನೆಯ ಹೆಣ್ಣೊಬ್ಬಳನ್ನು ಕಾವ್ಯದ ಕೇಂದ್ರಕ್ಕೆ ತಂದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ವ್ಯಕ್ತಿಯಿಂದ ಸಮುದಾಯ ಏನನ್ನು ಕೇಳಬಹುದು, ವ್ಯಕ್ತಿ ಏನನ್ನು ಬಿಟ್ಟುಕೊಡಬಹುದು ಎಂಬ ಪ್ರಶ್ನೆ ರೆಡ್ಡಿಯವರ ಮೊದಲ ಕೃತಿಯಲ್ಲೇ ಇದೆ.

ಪದವಿಯ ನಂತರ ಅವರು ಸರ್ಕಾರಿ ವಿದ್ಯಾರ್ಥಿವೇತನ ಪಡೆದು 1902ರಲ್ಲಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ಹೋದರು. ಇತಿಹಾಸದಲ್ಲಿ ಪ್ರಥಮ ದರ್ಜೆಯ ಗೌರವ ಪಡೆದರು. ಅಲ್ಲಿನ ವಿದ್ಯಾರ್ಥಿ ಚರ್ಚಾವೇದಿಕೆಯಾದ ಕೇಂಬ್ರಿಜ್ ಯೂನಿಯನ್ನಿನ ಉಪಾಧ್ಯಕ್ಷ ಸ್ಥಾನಕ್ಕೆ ಆಯ್ಕೆಯಾದ ಮೊದಲ ಭಾರತೀಯರೆಂಬ ಖ್ಯಾತಿ ಅವರದು. ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳುವ, ತನ್ನ ಆಸ್ತಿಯನ್ನು ತಾನೇ ನೋಡಿಕೊಳ್ಳುವ ಹಳೆಯ ಕಾಲೇಜು ವ್ಯವಸ್ಥೆಯನ್ನು ಅವರು ಅಲ್ಲಿ ಹತ್ತಿರದಿಂದ ಕಂಡರು. ಭಾರತಕ್ಕೆ ಮರಳಿದ ಮೇಲೆ ಕೆಲಕಾಲ ಬರೋಡಾ ಕಾಲೇಜಿನಲ್ಲಿ ಕೆಲಸ ಮಾಡಿ, ಅನಂತರ ಮೈಸೂರಿನ ಮಹಾರಾಜ ಕಾಲೇಜಿಗೆ ಬಂದರು.

3. ಮೈಸೂರು: ಪ್ರಭುತ್ವ ಕಟ್ಟಿದ ವಿಶ್ವವಿದ್ಯಾನಿಲಯ

ರೆಡ್ಡಿಯವರು ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾಗಿ ಬಂದಾಗ ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಠ್ಯಕ್ರಮ, ಪರೀಕ್ಷೆ, ಪದವಿ ಎಲ್ಲವೂ ಹೊರಗಿನಿಂದ ನಿರ್ಧಾರವಾಗುತ್ತಿದ್ದವು. ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಬೇಕೆಂಬ ಆಶಯ ನಾಲ್ವಡಿ ಕೃಷ್ಣರಾಜ ಒಡೆಯರ ಹಾಗೂ ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಸ್ಪಷ್ಟ ರೂಪ ಪಡೆಯಿತು. ಹೊರದೇಶಗಳ ವಿಶ್ವವಿದ್ಯಾನಿಲಯಗಳ ಸ್ವರೂಪವನ್ನು ಅಧ್ಯಯನ ಮಾಡಲು ಸರ್ಕಾರ ಆರಿಸಿಕೊಂಡದ್ದು ರೆಡ್ಡಿ ಹಾಗೂ ಥಾಮಸ್ ಡೆನ್ಹಮ್ ಅವರನ್ನು. ರೆಡ್ಡಿಯವರ ಪ್ರವಾಸ ಅಮೆರಿಕ, ಜಪಾನುಗಳವರೆಗೂ ನಡೆಯಿತು. ಇಂಗ್ಲೆಂಡಿನ ಮಾದರಿಯೊಂದನ್ನೇ ಬಲ್ಲವರಿಗೆ ಕಾಣದ ಸಂಗತಿಗಳು ಅವರಿಗೆ ಇಲ್ಲಿ ಕಂಡಿರಬೇಕು: ಜನರ ತೆರಿಗೆಯಿಂದ ನಡೆಯುವ, ಕೃಷಿ ಕೈಗಾರಿಕೆಗಳೊಂದಿಗೆ ಸಂಬಂಧವಿರುವ ಅಮೆರಿಕದ ರಾಜ್ಯ ವಿಶ್ವವಿದ್ಯಾನಿಲಯಗಳು, ಸ್ವಭಾಷೆಯಲ್ಲಿ ಆಧುನಿಕ ವಿದ್ಯೆಯನ್ನು ಕಟ್ಟಿಕೊಂಡ ಜಪಾನ್.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದಿತು. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀಯ ಸಂಸ್ಥಾನವೊಂದು ಸ್ಥಾಪಿಸಿದ ಮೊದಲ ವಿಶ್ವವಿದ್ಯಾನಿಲಯವಿದು. ಮಹಾರಾಜರು ಕುಲಾಧಿಪತಿಗಳಾದರು. ಸಂಸ್ಥಾನದ ಹಿರಿಯ ಅಧಿಕಾರಿಯೂ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಆಗಿದ್ದ ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳಾದರು. ರೆಡ್ಡಿಯವರು ಮಹಾರಾಜ ಕಾಲೇಜಿನ ಪ್ರಾಂಶುಪಾಲರಾದರು.

ಈ ವಿಶ್ವವಿದ್ಯಾನಿಲಯದ ಹುಟ್ಟಿನಲ್ಲಿಯೇ ಒಂದು ವೈರುಧ್ಯವಿತ್ತು. ಮದರಾಸಿನ ಅಧೀನತೆಯಿಂದ ಬಿಡುಗಡೆ ಪಡೆಯುವುದು ಅದರ ಉದ್ದೇಶ. ಆದರೆ ಬಿಡುಗಡೆ ಪಡೆದದ್ದು ಸಂಸ್ಥಾನವೇ ಹೊರತು ವಿದ್ವತ್ ಸಮುದಾಯವಲ್ಲ. ಹಣ ಸಂಸ್ಥಾನದ ಬೊಕ್ಕಸದ್ದು, ನೇಮಕಾತಿಯ ಕೊನೆಯ ಮಾತು ಸರ್ಕಾರದ್ದು. ಅಧ್ಯಾಪಕ ವೃತ್ತಿ ಮತ್ತು ಸರ್ಕಾರಿ ಸೇವೆಗಳ ನಡುವೆ ಸ್ಪಷ್ಟವಾದ ಗೆರೆ ಇರಲಿಲ್ಲ. ಇದಕ್ಕೆ ರೆಡ್ಡಿಯವರ ವೃತ್ತಿಜೀವನವೇ ನಿದರ್ಶನ: 1918ರಲ್ಲಿ ಅವರು ಕಾಲೇಜಿನ ಪ್ರಾಂಶುಪಾಲ ಹುದ್ದೆಯಿಂದ ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಹುದ್ದೆಗೆ ಹೋದರು. ವಿದ್ವಾಂಸನೊಬ್ಬ ಆಡಳಿತಾಧಿಕಾರಿಯಾಗುವುದು ಆ ವ್ಯವಸ್ಥೆಯಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋದಷ್ಟೇ ಸಹಜವಾಗಿತ್ತು.

ಹಾಗೆಂದು ಪ್ರಭುತ್ವದ ಆಶ್ರಯದಿಂದ ಕೆಡುಕೇ ಆಯಿತೆನ್ನಲಾಗದು. ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರ ಉದಾಹರಣೆ ಇಲ್ಲಿ ಗಮನಾರ್ಹ. ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಶರ್ಮರು ಮೈಸೂರಿಗೆ ಬಂದು ಪರಕಾಲ ಮಠದ ಆಶ್ರಯದಲ್ಲಿ ಸಂಸ್ಕೃತ ಕಲಿತವರು. ಅವರ ಪ್ರತಿಭೆಯನ್ನು ಗುರುತಿಸಿದ ರೆಡ್ಡಿಯವರು 1912ರಲ್ಲಿ, ಇನ್ನೂ ಇಪ್ಪತ್ತರ ಒಳಗಿನ ಆ ತರುಣನನ್ನು ಮಹಾರಾಜ ಕಾಲೇಜಿನಲ್ಲಿ ತೆಲುಗು ಪಂಡಿತರನ್ನಾಗಿ ತೆಗೆದುಕೊಂಡರು. ಶರ್ಮರು ಮೂರು ದಶಕಗಳಿಗೂ ಮಿಕ್ಕಿ ಮೈಸೂರಿನಲ್ಲಿ ಪಾಠ ಹೇಳಿದರು. ತೆಲುಗು, ಸಂಸ್ಕೃತ, ಕನ್ನಡ ಮತ್ತು ಸಂಗೀತ ಕ್ಷೇತ್ರಗಳಲ್ಲಿ ದುಡಿದರು. ಪಾವಗಡದ ನೆರೆಯ ಸೀಮೆಯ ತರುಣನೊಬ್ಬ ಗಡಿ ದಾಟಿ ಬಂದು ಕನ್ನಡ ನಾಡಿನ ವಿದ್ಯಾಸಂಸ್ಥೆಯಲ್ಲಿ ನೆಲೆ ಕಂಡದ್ದು ರೆಡ್ಡಿಯವರ ಗುಣಗ್ರಾಹಿತ್ವದಿಂದ. ಸಿಂಗಾರದ ಪದವಿಗಳಿಗಿಂತ ಪಾಂಡಿತ್ಯವನ್ನು ಮುಖ್ಯವೆಂದು ಎಣಿಸಿ ತೀರ್ಮಾನ ತೆಗೆದುಕೊಳ್ಳುವ ಸ್ವಾತಂತ್ರ್ಯ ಅಂದಿನ ಪ್ರಾಧ್ಯಾಪಕನಿಗೆ ವಾಸ್ತವದಲ್ಲಿ ಇತ್ತು.

ರೆಡ್ಡಿಯವರ ‘ಕವಿತ್ವತತ್ತ್ವ ವಿಚಾರಮು’ ಎಂಬ ವಿಮರ್ಶಾ ಗ್ರಂಥವೂ ಮೈಸೂರಿನ ವರ್ಷಗಳ ಫಲ. ಪಿಂಗಳಿ ಸೂರನನ ‘ಕಳಾಪೂರ್ಣೋದಯಮು’ವನ್ನು ಆಧಾರವಾಗಿಟ್ಟುಕೊಂಡು ಅವರು ಹಳೆಯ ಪ್ರಬಂಧ ಕಾವ್ಯಗಳ ರೂಢಿಗತ ವರ್ಣನೆಗಳನ್ನು ಕಟುವಾಗಿ ಪರಿಶೀಲಿಸಿದರು. ಪರಂಪರೆಯ ಅಧಿಕಾರವನ್ನು ಅದು ಪರಂಪರೆಯೆಂಬ ಕಾರಣಕ್ಕೇ ಒಪ್ಪಬೇಕಿಲ್ಲ ಎಂಬ ಧೋರಣೆ ಈ ಗ್ರಂಥದ ಜೀವಾಳ. ಅವರ ಸಾಹಿತ್ಯ ವಿಮರ್ಶೆ ಮತ್ತು ಅವರ ಶಿಕ್ಷಣ ನೀತಿಗಳ ನಡುವೆ ಇರುವ ಸಂಬಂಧವನ್ನು ಈ ನೆಲೆಯಲ್ಲಿ ಅರಿಯಬೇಕು.

4. ಬಾಗಿಲು ತೆರೆಯುವ ಪ್ರಶ್ನೆ

1910ರ ದಶಕದ ಮೈಸೂರು ಸಾಮಾಜಿಕ ಪಲ್ಲಟದ ಮೈಸೂರು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಅವಕಾಶ ಕಲ್ಪಿಸುವ ಶಾಸನ ಬಂದಿತು. ಸರ್ಕಾರಿ ಹುದ್ದೆಗಳಲ್ಲಿ ತಮಗೆ ಪಾಲಿಲ್ಲವೆಂದು ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಂತಾದ ಸಮುದಾಯಗಳ ವಿದ್ಯಾವಂತರು ಪ್ರಶ್ನೆ ಎತ್ತಿದರು. 1917ರಲ್ಲಿ ಹುಟ್ಟಿಕೊಂಡ ಪ್ರಜಾಮಿತ್ರ ಮಂಡಳಿ ಈ ಅಸಮಾಧಾನಕ್ಕೆ ಸಂಘಟಿತ ರೂಪ ಕೊಟ್ಟಿತು. ಅದರ ವೈಚಾರಿಕ ಪ್ರೇರಣೆಯಲ್ಲಿ ರೆಡ್ಡಿಯವರ ಪಾತ್ರ ದೊಡ್ಡದೆಂದು ಮೈಸೂರಿನ ರಾಜಕೀಯ ಚರಿತ್ರೆಯನ್ನು ಬರೆದವರು ಗುರುತಿಸಿದ್ದಾರೆ. 1918ರಲ್ಲಿ ಮಹಾರಾಜರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು; 1919ರಲ್ಲಿ ವರದಿ ಬಂದಿತು. ಹಿಂದುಳಿದ ಸಮುದಾಯಗಳಿಗೆ ಶಿಕ್ಷಣದ ನೆರವು ಮತ್ತು ಹುದ್ದೆಗಳಲ್ಲಿ ಪಾಲು ದೊರಕಿಸುವ ನೀತಿಗೆ ಅದು ತಳಹದಿಯಾಯಿತು. ಹುದ್ದೆಗೆ ಅರ್ಹತೆಯೊಂದೇ ಅಳತೆಯಾಗಬೇಕೆಂಬ ನಿಲುವಿನ ವಿಶ್ವೇಶ್ವರಯ್ಯನವರು 1918ರ ಕೊನೆಗೆ ದಿವಾನಗಿರಿಯಿಂದ ಹೊರಬಂದರು.

ವಿಶ್ವವಿದ್ಯಾನಿಲಯದ ಕಲ್ಪನೆಯಲ್ಲಿ ಒಂದಾಗಿದ್ದ ವಿಶ್ವೇಶ್ವರಯ್ಯ ಮತ್ತು ರೆಡ್ಡಿ ಈ ಪ್ರಶ್ನೆಯಲ್ಲಿ ಎದುರು ಬದುರಾದರು. ಇದನ್ನು ವ್ಯಕ್ತಿಗಳ ನಡುವಿನ ವಿರಸವಾಗಿ ನೋಡಿದರೆ ವಿಷಯದ ಆಳ ತಿಳಿಯದು. ವಿದ್ಯಾಸಂಸ್ಥೆಯೊಂದು ತನ್ನ ಮಾನದಂಡವನ್ನು ತಾನೇ ನಿರ್ಧರಿಸಿಕೊಳ್ಳಬೇಕು ಎಂಬುದು ಒಂದು ವಾದ. ಮಾನದಂಡದ ಹೊಸ್ತಿಲಿಗೆ ಬರಲು ಅವಕಾಶವೇ ಇಲ್ಲದವರ ಪಾಲಿಗೆ ಆ ಸ್ವಾತಂತ್ರ್ಯ ಯಾರ ಸ್ವಾತಂತ್ರ್ಯ ಎಂಬುದು ಇನ್ನೊಂದು ವಾದ. ಮೊದಲನೆಯದು ಪ್ರಭುತ್ವವನ್ನು ಸಂಶಯದಿಂದ ನೋಡುತ್ತದೆ. ಎರಡನೆಯದು ಪ್ರಭುತ್ವದ ನೆರವನ್ನು ಬೇಡುತ್ತದೆ. ಕರ್ನಾಟಕದ ಉನ್ನತ ಶಿಕ್ಷಣದ ಚರ್ಚೆ ಇಂದಿಗೂ ಈ ಎರಡು ವಾದಗಳ ನಡುವೆಯೇ ಓಡಾಡುತ್ತಿದೆ.

ಇನ್‌ಸ್ಪೆಕ್ಟರ್ ಜನರಲ್ ಆಗಿ ರೆಡ್ಡಿಯವರು ಎರಡನೆಯ ವಾದವನ್ನು ಆಡಳಿತಕ್ಕೆ ಇಳಿಸಿದರು. ಅಸ್ಪೃಶ್ಯರೆಂದು ದೂರ ಇಡಲ್ಪಟ್ಟಿದ್ದ ಜಾತಿಗಳ ಮಕ್ಕಳನ್ನು ಸಾಮಾನ್ಯ ಸರ್ಕಾರಿ ಶಾಲೆಗಳಿಗೆ ಸೇರಿಸಿಕೊಳ್ಳಬೇಕೆಂಬ ನೀತಿಯ ಪರವಾಗಿ ಅವರು ದೃಢವಾಗಿ ನಿಂತರು. ಆ ಮಕ್ಕಳು ಬಂದರೆ ತಮ್ಮ ಮಕ್ಕಳನ್ನು ಶಾಲೆ ಬಿಡಿಸುತ್ತೇವೆಂಬ ಮೇಲ್ಜಾತಿಯವರ ಪ್ರತಿರೋಧ ಆ ಕಾಲದ ಮೈಸೂರಿನಲ್ಲಿ ಅಪರೂಪವಾಗಿರಲಿಲ್ಲ. ಇಂತಹ ಸಂದರ್ಭದಲ್ಲಿ ಶಾಲೆಯ ವ್ಯವಹಾರವನ್ನು ಊರಿನವರ ಇಚ್ಛೆಗೆ ಬಿಡುವುದು ಸ್ಥಳೀಯ ಸ್ವಾತಂತ್ರ್ಯದ ಹೆಸರಿನಲ್ಲಿ ಅನ್ಯಾಯವನ್ನು ಮುಂದುವರಿಸಿದಂತೆ ಆಗುತ್ತಿತ್ತು. ಇಲ್ಲಿ ಸರ್ಕಾರದ ಆಜ್ಞೆಯೇ ಮಗುವಿನ ಬಿಡುಗಡೆಯ ಸಾಧನವಾಯಿತು. ಆಜ್ಞೆ ಹೊರಟ ಮಾತ್ರಕ್ಕೆ ಎಲ್ಲ ಊರುಗಳ ಬಾಗಿಲು ತೆರೆಯಲಿಲ್ಲ ಎಂಬುದೂ ನಿಜ. ಆದರೆ ಬಾಗಿಲು ಮುಚ್ಚುವವರ ಪಕ್ಕದಲ್ಲಿ ಇನ್ನು ಮುಂದೆ ಕಾನೂನು ನಿಲ್ಲಲಾರದು ಎಂಬ ಸ್ಥಿತಿ ನಿರ್ಮಾಣವಾಯಿತು.

5. ಮದರಾಸಿನ ರಾಜಕಾರಣ ಮತ್ತು ಆಂಧ್ರ ವಿಶ್ವವಿದ್ಯಾನಿಲಯ

1921ರಲ್ಲಿ ರೆಡ್ಡಿಯವರು ಮೈಸೂರಿನ ಸೇವೆಯನ್ನು ಬಿಟ್ಟು ಮದರಾಸು ಪ್ರಾಂತ್ಯದ ರಾಜಕೀಯಕ್ಕೆ ಇಳಿದರು. ಬ್ರಾಹ್ಮಣೇತರ ಚಳವಳಿಯ ಜಸ್ಟಿಸ್ ಪಕ್ಷ ಅಲ್ಲಿ ಅಧಿಕಾರದಲ್ಲಿತ್ತು. ಅವರ ಸಾಮಾಜಿಕ ನಿಲುವಿಗೆ ಅದು ಸಹಜವಾದ ನೆಲೆ. ಆದರೆ ಪಕ್ಷದ ಆಡಳಿತ ರೀತಿಯೊಂದಿಗೆ ಅವರು ಬಹುಕಾಲ ಹೊಂದಿಕೊಂಡು ಹೋಗಲಿಲ್ಲ. 1923ರ ನವೆಂಬರಿನಲ್ಲಿ ಪಾನಗಲ್ ರಾಜರ ಮಂತ್ರಿಮಂಡಲದ ವಿರುದ್ಧ ಅವಿಶ್ವಾಸ ಗೊತ್ತುವಳಿಯನ್ನು ಮಂಡಿಸಿದವರು ರೆಡ್ಡಿಯವರೇ. ದ್ವಿಮುಖ ಸರ್ಕಾರ ಪದ್ಧತಿಯ ಆರಂಭದ ಆ ವರ್ಷಗಳಲ್ಲಿ ಇದೊಂದು ಅಪೂರ್ವ ಘಟನೆ. ಗೊತ್ತುವಳಿ 65ಕ್ಕೆ 44 ಮತಗಳಿಂದ ಬಿದ್ದುಹೋಯಿತು. ತಮ್ಮ ಸಾಮಾಜಿಕ ಧ್ಯೇಯವನ್ನೇ ಹೇಳಿಕೊಳ್ಳುವ ಸರ್ಕಾರವಾದರೂ ಅದು ಪ್ರಶ್ನಾತೀತವಲ್ಲ ಎಂಬ ಅವರ ನಂಬಿಕೆಗೆ ಇದು ಸಾಕ್ಷಿ. ಮೈಸೂರಿನಲ್ಲಿ ಅವರು ಪ್ರಭುತ್ವವನ್ನು ಬಳಸಿಕೊಂಡದ್ದು ಪ್ರಭುತ್ವದ ಆರಾಧನೆಯಿಂದಲ್ಲ ಎಂಬುದು ಇಲ್ಲಿ ಖಚಿತವಾಗುತ್ತದೆ.

ತೆಲುಗು ಜಿಲ್ಲೆಗಳಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯ ಬೇಕೆಂಬ ಬೇಡಿಕೆ ಆಂಧ್ರ ಚಳವಳಿಯ ಭಾಗವಾಗಿ ಬೆಳೆದುಬಂದದ್ದು. ಶಿಕ್ಷಣ ಮಂತ್ರಿ ಎ.ಪಿ. ಪಾತ್ರೊ ಅವರು ಮಂಡಿಸಿದ ಮಸೂದೆ ಶಾಸನವಾಗಿ, 1926ರ ಏಪ್ರಿಲ್ 26ರಂದು ಆಂಧ್ರ ವಿಶ್ವವಿದ್ಯಾನಿಲಯ ಬೆಜವಾಡದಲ್ಲಿ ಆರಂಭವಾಯಿತು. ರೆಡ್ಡಿಯವರು ಅದರ ಮೊದಲ ಕುಲಪತಿಗಳಾದರು. ಮೂರು ವರ್ಷಗಳ ಹಿಂದೆ ಅವರು ಯಾವ ಮಂತ್ರಿಮಂಡಲದ ವಿರುದ್ಧ ಅವಿಶ್ವಾಸ ಮಂಡಿಸಿದ್ದರೋ ಅದೇ ಮಂತ್ರಿಮಂಡಲ ಆಗ ಅಧಿಕಾರದಲ್ಲಿತ್ತು ಎಂಬುದು ಗಮನಿಸಬೇಕಾದ ಅಂಶ. ವಿರೋಧಿಯೆಂಬ ಕಾರಣಕ್ಕೆ ವಿದ್ವಾಂಸನನ್ನು ದೂರವಿಡದ ಈ ನಡೆ ಆ ಸರ್ಕಾರದ ಹಿರಿಮೆಗೂ ಸಲ್ಲಬೇಕು.

ಹೊಸ ವಿಶ್ವವಿದ್ಯಾನಿಲಯಕ್ಕೆ ಕಟ್ಟಡವಿರಲಿಲ್ಲ, ಬೋಧನಾ ವಿಭಾಗಗಳಿರಲಿಲ್ಲ. ಕೇಂದ್ರಸ್ಥಾನ ಎಲ್ಲಿರಬೇಕೆಂಬ ವಿವಾದ ವರ್ಷಗಟ್ಟಲೆ ಎಳೆಯಿತು. ಕರಾವಳಿಯ ಪಟ್ಟಣಗಳೂ ದತ್ತ ಮಂಡಲದ ಅನಂತಪುರವೂ ಪೈಪೋಟಿಯಲ್ಲಿದ್ದವು. ಕೊನೆಗೆ ವಿಶಾಖಪಟ್ಟಣದ ವಾಲ್ತೇರು ನಿಶ್ಚಯವಾಯಿತು. ದತ್ತ ಮಂಡಲದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೇ ಮರಳಿದವು. ನಾಗಲಮಡಿಕೆಯ ಆಚೆ ಬದಿಯ ಹಳ್ಳಿಗಳ ವಿದ್ಯಾರ್ಥಿಗಳ ಮಟ್ಟಿಗೆ ಹೇಳುವುದಾದರೆ, ಅವರ ಭಾಷೆಯ ಹೆಸರಿನಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ ಅವರಿಗೆ ದಕ್ಕಲಿಲ್ಲ. ವಿಶ್ವವಿದ್ಯಾನಿಲಯ ಸ್ವತಂತ್ರವಾಗಿದ್ದರೆ ಸಾಲದು, ಅದು ಯಾರಿಗೆ ಎಟುಕುತ್ತದೆ ಎಂಬ ಪ್ರಶ್ನೆ ಇಲ್ಲಿಯೂ ಎದುರಾಗುತ್ತದೆ.

6. 1930ರ ರಾಜೀನಾಮೆ

1930ರ ಮಾರ್ಚಿಯಲ್ಲಿ ಗಾಂಧೀಜಿಯವರು ದಂಡಿಯ ಕಡೆಗೆ ಹೊರಟರು. ಉಪ್ಪಿನ ಸತ್ಯಾಗ್ರಹ ಆಂಧ್ರದ ಕರಾವಳಿಯುದ್ದಕ್ಕೂ ಹಬ್ಬಿತು. ಲಾಠಿ ಪ್ರಹಾರ, ಸೆರೆಮನೆ, ಸುಗ್ರೀವಾಜ್ಞೆಗಳ ಮೂಲಕ ಸರ್ಕಾರ ಅದನ್ನು ಹತ್ತಿಕ್ಕಲು ಮುಂದಾಯಿತು. ವಿದ್ಯಾರ್ಥಿಗಳು ಚಳವಳಿಯತ್ತ ಸೆಳೆಯಲ್ಪಟ್ಟರು. ವಿಶ್ವವಿದ್ಯಾನಿಲಯದ ಕುಲಾಧಿಪತಿ ಪ್ರಾಂತ್ಯದ ಗವರ್ನರರೇ ಆಗಿದ್ದರು. ಅಂದರೆ ವಿದ್ಯಾರ್ಥಿಗಳನ್ನು ಸೆರೆಗೆ ಕಳುಹಿಸುತ್ತಿದ್ದ ಆಡಳಿತದ ಮುಖ್ಯಸ್ಥರೇ ವಿದ್ಯಾಸಂಸ್ಥೆಯ ಮುಖ್ಯಸ್ಥರೂ ಹೌದು. ಈ ಎರಡು ಅಧಿಕಾರಗಳ ನಡುವೆ ನಿಂತಿದ್ದವರು ಕುಲಪತಿ.

ಸರ್ಕಾರದ ದಮನ ನೀತಿಯನ್ನು ಪ್ರತಿಭಟಿಸಿ ರೆಡ್ಡಿಯವರು ಅದೇ ವರ್ಷ ಕುಲಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅವರು ಕಾಂಗ್ರೆಸ್ಸಿನ ಸತ್ಯಾಗ್ರಹಿಯಾಗಿರಲಿಲ್ಲ. ಕಾನೂನುಬದ್ಧ ರಾಜಕಾರಣದಲ್ಲಿ ನಂಬಿಕೆಯಿದ್ದವರು. ವಿಶ್ವವಿದ್ಯಾನಿಲಯದ ಆಡಳಿತದಲ್ಲಿ ಸರ್ಕಾರ ಕೈಹಾಕಿತೆಂಬುದು ಅವರ ರಾಜೀನಾಮೆಗೆ ಕಾರಣವಾಗಿರಲಿಲ್ಲ. ಇಲ್ಲಿಯೇ ಈ ಘಟನೆಯ ವೈಶಿಷ್ಟ್ಯವಿದೆ. ತಮ್ಮ ಸಂಸ್ಥೆಯ ಆವರಣ ಸುರಕ್ಷಿತವಾಗಿದ್ದರೆ ಸಾಕೆಂದು ಅವರು ಎಣಿಸಲಿಲ್ಲ. ಹೊರಗೆ ಜನರ ಮೇಲೆ ನಡೆಯುತ್ತಿರುವ ಹಿಂಸೆಯ ಕುರಿತು ಮೌನವಾಗಿದ್ದುಕೊಂಡು ಒಳಗೆ ವಿಚಾರ ಸ್ವಾತಂತ್ರ್ಯದ ಪಾಠ ಹೇಳುವುದು ಸಾಧ್ಯವಿಲ್ಲ ಎಂಬ ಅರಿವು ಈ ನಡೆಯಲ್ಲಿದೆ. ವಿದ್ಯಾಕ್ಷೇತ್ರದ ಸ್ವಾಯತ್ತತೆ ಸಮಾಜದ ಒಟ್ಟು ಸ್ವಾತಂತ್ರ್ಯದಿಂದ ಬೇರ್ಪಡಿಸಿ ಕಾಪಾಡಬಹುದಾದ ವಸ್ತುವಲ್ಲ.

ರಾಜೀನಾಮೆಯ ಬೆಲೆಯನ್ನೂ ಮರೆಯುವಂತಿಲ್ಲ. ನಾಲ್ಕು ವರ್ಷದ ಹಸುಳೆ ಸಂಸ್ಥೆ ತನ್ನ ನಿರ್ಮಾಪಕನನ್ನು ಕಳೆದುಕೊಂಡಿತು. ಅದು ಉಳಿದದ್ದು, ಬೆಳೆದದ್ದು 1931ರಲ್ಲಿ ಬಂದ ಸರ್ವಪಲ್ಲಿ ರಾಧಾಕೃಷ್ಣನ್ ಅವರಿಂದ. ರಾಧಾಕೃಷ್ಣನ್ ಅವರೂ 1918ರಿಂದ ಕೆಲಕಾಲ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಆಂಧ್ರದ ಮೊದಲ ಇಬ್ಬರು ಕುಲಪತಿಗಳೂ ಮೈಸೂರಿನ ಅನುಭವದಿಂದ ಹೋದವರು ಎಂಬುದು ಕನ್ನಡ ನಾಡಿನ ವಿದ್ಯಾಚರಿತ್ರೆ ಹೆಮ್ಮೆಪಡಬಹುದಾದ ಸಂಗತಿ. ವಾಲ್ತೇರಿನಲ್ಲಿ ಕಲೆ, ವಿಜ್ಞಾನ ವಿಭಾಗಗಳು ರೂಪುಗೊಂಡದ್ದು, ಜಯಪುರದ ಮಹಾರಾಜರ ಉದಾರ ನೆರವು ವಿಜ್ಞಾನ ಶಿಕ್ಷಣಕ್ಕೆ ಒದಗಿದ್ದು ಈ ಘಟ್ಟದಲ್ಲಿ.

7. ಮರಳಿ ಬಂದ ಮೇಲೆ

1936ರಲ್ಲಿ ರಾಧಾಕೃಷ್ಣನ್ ಅವರು ಆಕ್ಸ್‌ಫರ್ಡಿಗೆ ತೆರಳಿದಾಗ ರೆಡ್ಡಿಯವರು ಮತ್ತೆ ಕುಲಪತಿಗಳಾದರು. ಈ ಬಾರಿ 1949ರವರೆಗೆ, ಹದಿಮೂರು ವರ್ಷ ಆ ಸ್ಥಾನದಲ್ಲಿದ್ದರು. ಈ ಅವಧಿಯಲ್ಲಿ ಅವರು ಎದುರಿಸಿದ ಪರೀಕ್ಷೆ 1930ಕ್ಕಿಂತ ಭಿನ್ನವಾದದ್ದು. 1942ರ ಏಪ್ರಿಲ್‌ನಲ್ಲಿ ಜಪಾನೀಯರ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ವಾಲ್ತೇರಿನ ಕಟ್ಟಡಗಳು ಸೇನೆಯ ಬಳಕೆಗೆ ಹೋದವು; ವಿಶ್ವವಿದ್ಯಾನಿಲಯ ಗುಂಟೂರಿಗೆ ವಲಸೆ ಹೋಗಬೇಕಾಯಿತು. ಯುದ್ಧ ಮುಗಿದ ಮೇಲಷ್ಟೇ ಅದು ತನ್ನ ಆವರಣಕ್ಕೆ ಮರಳಿತು. ಪ್ರಯೋಗಾಲಯ, ಗ್ರಂಥಾಲಯ, ಅಧ್ಯಾಪಕರು, ವಿದ್ಯಾರ್ಥಿಗಳನ್ನು ಚದುರದಂತೆ ಕಾಪಾಡಿಕೊಳ್ಳುವುದೇ ಆಗ ಕುಲಪತಿಯ ಮುಖ್ಯ ಕೆಲಸ.

ಅದೇ 1942ರಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿ ನಡೆಯಿತು. ದಮನ 1930ಕ್ಕಿಂತ ಕಡಿಮೆಯಾಗಿರಲಿಲ್ಲ. ಈ ಬಾರಿ ರೆಡ್ಡಿಯವರು ರಾಜೀನಾಮೆ ಕೊಡಲಿಲ್ಲ. ಆ ವರ್ಷವೇ ಸರ್ಕಾರ ಅವರಿಗೆ ನೈಟ್ ಪದವಿ ನೀಡಿತು; ಅವರು ಸರ್ ಸಿ.ಆರ್. ರೆಡ್ಡಿಯಾದರು. ಹನ್ನೆರಡು ವರ್ಷಗಳ ಹಿಂದೆ ಪ್ರತಿಭಟಿಸಿ ಹೊರನಡೆದ ವ್ಯಕ್ತಿ ಈಗ ಅದೇ ಪ್ರಭುತ್ವದ ಗೌರವವನ್ನು ಸ್ವೀಕರಿಸಿದ್ದನ್ನು ಹೇಗೆ ಅರ್ಥೈಸಬೇಕು? ವಯಸ್ಸು ಅವರನ್ನು ಮೆತ್ತಗಾಗಿಸಿತೆಂದು ಹೇಳಿ ಮುಗಿಸುವುದು ಸುಲಭ. ಅಲೆದಾಡುತ್ತಿರುವ ಸಂಸ್ಥೆಯನ್ನು ನಡುದಾರಿಯಲ್ಲಿ ಬಿಟ್ಟು ಹೋಗುವುದು ತಪ್ಪೆಂದು ಅವರು ಭಾವಿಸಿದ್ದಿರಬಹುದು. 1930ರಲ್ಲಿ ಬಿಟ್ಟುಹೋಗಲು ಇದ್ದದ್ದು ಒಂದು ಕಲ್ಪನೆ, 1942ರಲ್ಲಿ ಇದ್ದದ್ದು ನೂರಾರು ಜನರ ಬದುಕು. ಆದರೂ ಆ ಪದವಿಯನ್ನು ಸ್ವೀಕರಿಸಿದ್ದಕ್ಕೆ ಈ ಸಮರ್ಥನೆ ಪೂರ್ತಿ ಒದಗಲಾರದು. ಸಂಸ್ಥೆಯನ್ನು ಉಳಿಸಲು ಸ್ಥಾನದಲ್ಲಿ ಮುಂದುವರಿಯುವುದು ಬೇರೆ, ಪ್ರಭುತ್ವದ ಬಿರುದನ್ನು ಧರಿಸುವುದು ಬೇರೆ. ಚರಿತ್ರೆಯ ವ್ಯಕ್ತಿಯನ್ನು ಒಂದೇ ನಡೆಯಿಂದ ಅಳೆಯಬಾರದೆಂಬ ಎಚ್ಚರ ನಮಗಿದ್ದರೆ, 1930ನ್ನು ನೆನೆಯುವಾಗ 1942ನ್ನು ಮರೆಮಾಚುವ ಅಗತ್ಯವಿಲ್ಲ.

1949ರಲ್ಲಿ ಅವರು ಆಂಧ್ರ ವಿಶ್ವವಿದ್ಯಾನಿಲಯದಿಂದ ಹೊರಬಂದು ಮೈಸೂರು ವಿಶ್ವವಿದ್ಯಾನಿಲಯದ ಸಮಕುಲಾಧಿಪತಿಗಳಾದರು. ಸಾರ್ವಜನಿಕ ಬದುಕು ಆರಂಭವಾದ ಊರಿಗೇ ಅದರ ಕೊನೆಯ ಘಟ್ಟ ಮರಳಿತು. ಆ ವೇಳೆಗೆ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿತ್ತು. ಸಂಸ್ಥಾನ ಭಾರತ ಒಕ್ಕೂಟದ ಭಾಗವಾಗಿತ್ತು. 1951ರ ಫೆಬ್ರವರಿ 24ರಂದು ರೆಡ್ಡಿಯವರು ನಿಧನರಾದರು. ಅವರು ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದಿದ್ದರು.

8. ಸಮಾರೋಪ

ರೆಡ್ಡಿಯವರು ತೀರಿಕೊಂಡ ಐದು ವರ್ಷಗಳಿಗೆ, 1956ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಸ್ಥಾನಕ್ಕೆ ಕುವೆಂಪು ಬಂದರು. ಮಲೆನಾಡಿನ ಒಕ್ಕಲಿಗ ಮನೆತನದ ಕವಿಯೊಬ್ಬರು ಆ ಸ್ಥಾನವನ್ನು ಏರುವುದು 1916ರಲ್ಲಿ ಊಹೆಗೂ ನಿಲುಕದ ಸಂಗತಿ. ಶಾಲೆಯ ಬಾಗಿಲನ್ನು ಕುರಿತ 1910ರ ದಶಕದ ಜಗಳ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಇದೊಂದು ಗುರುತು.

ಇಂದು ನಾಗಲಮಡಿಕೆಯ ವಿದ್ಯಾರ್ಥಿಗೆ 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯವಿದೆ. ಗಡಿಯಾಚೆಯವರಿಗೆ 1981ರಲ್ಲಿ ವಿಶ್ವವಿದ್ಯಾನಿಲಯದ ಸ್ಥಾನ ಪಡೆದ ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯವಿದೆ. ವಿದ್ಯೆ ಹತ್ತಿರಕ್ಕೆ ಬಂದಿದೆ. ಆದರೆ ಪ್ರಭುತ್ವದೊಂದಿಗಿನ ಸಂಬಂಧದ ಪ್ರಶ್ನೆ ಬಗೆಹರಿದಿಲ್ಲ. ಕರ್ನಾಟಕದಲ್ಲಿ 1976ರ ಶಾಸನವೂ ಅನಂತರದ 2000ದ ಶಾಸನವೂ ವಿಶ್ವವಿದ್ಯಾನಿಲಯಗಳನ್ನು ಒಂದೇ ಚೌಕಟ್ಟಿಗೆ ತಂದವು. 2000ದ ಶಾಸನದಂತೆ ಶೋಧನಾ ಸಮಿತಿ ಸೂಚಿಸುವ ಹೆಸರುಗಳಿಂದ ಕುಲಪತಿಯನ್ನು ರಾಜ್ಯಪಾಲರು ಸರ್ಕಾರದ ಸಮ್ಮತಿಯೊಂದಿಗೆ ನೇಮಿಸುತ್ತಾರೆ. ಕುಲಪತಿ ಯಾರ ಕೃಪೆಯಿಂದ ಬರುತ್ತಾರೆ ಎಂಬ ಚರ್ಚೆ ಪ್ರತಿ ನೇಮಕದಲ್ಲೂ ಮರುಕಳಿಸುತ್ತದೆ.

ಈ ಚರ್ಚೆಗೆ ರೆಡ್ಡಿಯವರ ಬದುಕು ಒದಗಿಸುವ ತಿಳಿವಳಿಕೆ ಎರಡು ಬಗೆಯದು. ಮೊದಲನೆಯದಾಗಿ, ಸ್ವಾಯತ್ತತೆಯನ್ನು ಕೇಳುವ ವಿಶ್ವವಿದ್ಯಾನಿಲಯ ತನ್ನ ಬಾಗಿಲು ಯಾರಿಗೆ ತೆರೆದಿದೆ ಎಂಬುದಕ್ಕೂ ಉತ್ತರ ಕೊಡಬೇಕು. ಆ ಉತ್ತರವಿಲ್ಲದಿದ್ದಲ್ಲಿ ಮೈಸೂರಿನಲ್ಲಿ ಆದಂತೆ ಜನರೇ ಪ್ರಭುತ್ವದ ಮಧ್ಯಪ್ರವೇಶವನ್ನು ಬಯಸುತ್ತಾರೆ, ಬಯಸುವುದು ನ್ಯಾಯವೂ ಆಗುತ್ತದೆ. ಎರಡನೆಯದಾಗಿ, ಬಾಗಿಲು ತೆರೆಸಿದ ಪ್ರಭುತ್ವ ಆ ಉಪಕಾರಕ್ಕೆ ಪ್ರತಿಯಾಗಿ ಮೌನವನ್ನು ಕೇಳುವಂತಿಲ್ಲ. ಸಾಮಾಜಿಕ ನ್ಯಾಯಕ್ಕಾಗಿ ಸರ್ಕಾರದ ನೆರವು ಪಡೆದವರೇ ಸರ್ಕಾರ ತಪ್ಪಿದಾಗ ಅದನ್ನು ಹೇಳಬೇಕಾದವರು. ರೆಡ್ಡಿಯವರು ಮೊದಲನೆಯದನ್ನು ಮೈಸೂರಿನಲ್ಲಿ, ಎರಡನೆಯದನ್ನು 1923ರ ಮದರಾಸಿನಲ್ಲಿ ಹಾಗೂ 1930ರ ಆಂಧ್ರದಲ್ಲಿ ಮಾಡಿ ತೋರಿಸಿದರು. 1942ರಲ್ಲಿ ಹಾಗೆ ಮಾಡಲಾಗಲಿಲ್ಲ. ಈ ಮೂರೂ ಸೇರಿದ್ದೇ ಅವರ ಬದುಕು. ಕನ್ನಡ ನಾಡಿನ ಉನ್ನತ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಗಡಿಯಾಚೆಯ ಈ ಹೆಸರನ್ನು ತಮ್ಮ ಚರಿತ್ರೆಯ ಒಳಗೆ ಸೇರಿಸಿಕೊಂಡು ನೋಡುವ ಅಗತ್ಯವಿದೆ.